ಬಂದ ಕೂಡಲೇ ಮಾಯವಾಗುವ ಸ್ಕ್ರೀನ್ ಸೇವರ್

ಪ್ರಶ್ನೆ: ಸರ್, ತಾಳಗುಪ್ಪದ ಹತ್ತಿರ ನಮ್ಮ ಮನೆಯವರು ಹೋಂಸ್ಟೇ ನಡೆಸುತ್ತಾರೆ. ನಾನು ಬಿಸಿಎ ವಿದ್ಯಾರ್ಥಿ. ಜೋಗದ ರಾಜಾ, ರಾಣಿ, ರೋರರ್, ರಾಕೆಟ್ ಫೋಟೊಗಳು ಒಂದಾದ ಮೇಲೊಂದು ಬರುವಂತೆ ಸಿ ಶಾರ್ಪ್ ಭಾಷೆಯ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಬರೆಯುವ ಸಲಕರಣೆ) ಸ್ಕ್ರೀನ್ ಸೇವರ್ ಬರೆದೆ. ಕೌಂಟರ್‌ನ ಲ್ಯಾಪ್‌ಟಾಪ್‌ಗೆ ಟಿವಿ ಕೂಡ ಜೋಡಿಸಿದ್ದೇವೆ. ಸೇವರ್ ಬಂದ ಕೂಡಲೇ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮೌಸ್ ಯಾರೂ ಮುಟ್ಟಿರುವುದಿಲ್ಲ. ಟಿವಿಯಲ್ಲಿ ಫೋಟೊ ಬರುವುದೇ ಇಲ್ಲ. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಅದರ ಹೆಸರು ಆರಿಸಿದರೆ ಸಾಕು, ಪುಟ್ಟ ಚೌಕದ ಬದಲು ಇಡೀ ಪರದೆ ತುಂಬಿಬಿಡುತ್ತದೆ. ಅತಿಥಿಗಳು ಬುಕಿಂಗ್ ವಿವರ ನೋಡದಂತೆ ಆಲ್ಟ್-ಟ್ಯಾಬ್ ತಡೆದು ಪಾಸ್‌ವರ್ಡ್ ಕೇಳುವುದನ್ನೂ ಸೇರಿಸಬೇಕು. ಹೇಗೆ?

ಉತ್ತರ: ಮೌಸ್ ಯಾರೂ ಮುಟ್ಟಿಲ್ಲ, ನಿಜ. ಆದರೆ ಕರ್ಸರ್ ಇರುವ ಜಾಗದಲ್ಲಿ ಹೊಸ ವಿಂಡೋ ತೆರೆದುಕೊಂಡರೆ ವಿಂಡೋಸ್ ಅದಕ್ಕೊಂದು ಮೌಸ್‌ಮೂವ್, ಅಂದರೆ ‘ಮೌಸ್ ಸರಿಯಿತು’ ಎಂಬ ಸಂದೇಶ ಕಳಿಸುತ್ತದೆ. ಕರ್ಸರ್ ಒಂದು ಪಿಕ್ಸೆಲ್ ಕೂಡ ಸರಿದಿರಬೇಕಾಗಿಲ್ಲ. ‘ಮೌಸ್‌ಮೂವ್ ಬಂತಾ, ಮುಚ್ಚು’ ಅಂತ ಕೋಡ್ ಬರೆದರೆ ಸೇವರ್ ಕಣ್ಣುಬಿಟ್ಟ ಕ್ಷಣವೇ ಮುಚ್ಚಿಕೊಳ್ಳುತ್ತದೆ, ಅಲ್ವಾ?

ಹೀಗೆ ಮಾಡಿ. ಮೊದಲ ಮೌಸ್‌ಮೂವ್ ಬಂದಾಗ ಏನೂ ಮುಚ್ಚಬೇಡಿ, ಕರ್ಸರ್ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಿ ಸಾಕು. ಆಮೇಲೆ ಬರುವ ಪ್ರತಿ ಸಂದೇಶಕ್ಕೂ ಆ ಮೊದಲ ಜಾಗದಿಂದ ಎಷ್ಟು ದೂರ ಸರಿದಿದೆ ಅಂತ ಲೆಕ್ಕ ಹಾಕಿ. ಹತ್ತು ಪಿಕ್ಸೆಲ್ ದಾಟಿದರೆ ಮಾತ್ರ ಮುಚ್ಚಿ. ಆಪ್ಟಿಕಲ್ ಮೌಸ್ ಸುಮ್ನೆ ಇದ್ದಾಗಲೂ ಒಂದೆರಡು ಪಿಕ್ಸೆಲ್ ಅತ್ತಿತ್ತ ಅಲ್ಲಾಡುವುದುಂಟು. ಬಸ್ ಹೋದಾಗ ಟೇಬಲ್ ಅದುರಿದರೂ ಅಷ್ಟೇ. ಹಿಂದಿನ ಸಂದೇಶದ ಜಾಗಕ್ಕೆ ಹೋಲಿಸಬೇಡಿ. ನಿಧಾನಕ್ಕೆ ಮೌಸ್ ಎಳೆದರೆ ಪ್ರತಿ ಸಲ ಒಂದೊಂದೇ ಪಿಕ್ಸೆಲ್ ಸರಿದು ಸೇವರ್ ಮುಚ್ಚುವುದೇ ಇಲ್ಲ. ಜಾಗ ಓದಲು ಕರ್ಸರ್.ಪೊಸಿಷನ್ ಬಳಸಿ. ಅದು ಇಡೀ ಡೆಸ್ಕ್‌ಟಾಪ್‌ನ ಅಳತೆ. ಈವೆಂಟ್ (ವಿಂಡೋಸ್ ಕಳಿಸುವ ಆ ಸಂದೇಶ) ಜೊತೆ ಬರುವ ಅಂಕಿ ಆಯಾ ವಿಂಡೋದ ಮೂಲೆಯಿಂದ ಶುರುವಾಗುತ್ತದೆ, ಎರಡು ಪರದೆ ಇದ್ದಾಗ ಅದನ್ನು ನಂಬಿದರೆ ತೊಂದರೆ. ಇನ್ನೊಂದು ಮಾತು. ಫೋಟೊಗೆ ಪಿಕ್ಚರ್‌ಬಾಕ್ಸ್ (ಚಿತ್ರದ ಚೌಕಟ್ಟು) ಹಾಕಿ ಅದು ಫಾರ್ಮ್, ಅಂದರೆ ನಿಮ್ಮ ವಿಂಡೋ, ಪೂರ್ತಿ ತುಂಬಿದ್ದರೆ ಮೌಸ್ ಈವೆಂಟ್‌ಗಳು ಫಾರ್ಮ್‌ಗೆ ಬರುವುದಿಲ್ಲ, ಪಿಕ್ಚರ್‌ಬಾಕ್ಸ್‌ಗೆ ಹೋಗುತ್ತವೆ. ಆ ಈವೆಂಟ್ ಬಂದಾಗ ಓಡುವ ಕೋಡ್, ಅಂದರೆ ಹ್ಯಾಂಡ್ಲರ್, ಅಲ್ಲಿಯೂ ಇರಲಿ.

ಟಿವಿ ವಿಷಯಕ್ಕೆ ಬರೋಣ. ಮ್ಯಾಕ್ಸಿಮೈಸ್ ಮಾಡಿದ ವಿಂಡೋ ತುಂಬುವುದು ಒಂದೇ ಪರದೆ. ಸ್ಕ್ರೀನ್.ಆಲ್‌ಸ್ಕ್ರೀನ್ಸ್ ಪಟ್ಟಿ ತೆಗೆದುಕೊಂಡು ಪರದೆಗೊಂದು ಫಾರ್ಮ್ ಮಾಡಿ. ಅಂಚು ಬೇಡ, ಟಾಪ್‌ಮೋಸ್ಟ್ (ಎಲ್ಲಕ್ಕಿಂತ ಮೇಲೆ) ಇರಲಿ, ಬೌಂಡ್ಸ್‌ಗೆ (ಜಾಗ ಮತ್ತು ಅಳತೆ) ಆ ಪರದೆಯ ಬೌಂಡ್ಸನ್ನೇ ಕೊಡಿ. ಸ್ಟಾರ್ಟ್‌ಪೊಸಿಷನ್ ಮ್ಯಾನ್ಯುಯಲ್ ಆಗಿರಲೇಬೇಕು, ಇಲ್ಲದಿದ್ದರೆ ನೀವು ಹೇಳಿದ ಜಾಗ ಬಿಟ್ಟು ವಿಂಡೋಸ್ ತನಗೆ ಬೇಕಾದ ಕಡೆ ಫಾರ್ಮ್ ಕೂರಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಿವಿಯನ್ನು ಲ್ಯಾಪ್‌ಟಾಪ್‌ನ ಎಡಕ್ಕೆ ಇಟ್ಟಿದ್ದರೆ ಅದರ ಎಡ ಅಂಚು ಮೈನಸ್ 1920 ಅಂತ ಬರಬಹುದು. ಗಾಬರಿ ಬೇಡ. ಮುಖ್ಯ ಪರದೆಯ ಎಡ ಮೇಲಿನ ಮೂಲೆಯೇ ಸೊನ್ನೆ, ಅದರ ಎಡಕ್ಕೆ ಇರುವುದೆಲ್ಲ ಮೈನಸ್. ಲ್ಯಾಪ್‌ಟಾಪ್ ಸ್ಕೇಲಿಂಗ್ 125 ಅಥವಾ 150 ಪರ್ಸೆಂಟ್ ಇದ್ದು ಟಿವಿಯದು 100 ಇದ್ದರೆ ಫೋಟೊ ಮಸುಕಾಗಬಹುದು, ಅಂಚು ಬಿಟ್ಟುಹೋಗಬಹುದು. ಫಾರ್ಮ್ ಹುಟ್ಟುವ ಮೊದಲೇ ಸೆಟ್‌ಹೈಡಿಪಿಐಮೋಡ್ ಕರೆದು ಪರ್‌ಮಾನಿಟರ್‌ವಿ2 (ಪ್ರತಿ ಪರದೆಯ ಸ್ಕೇಲಿಂಗ್ ಬೇರೆಬೇರೆಯಾಗಿ ನೋಡುವ ಆಯ್ಕೆ) ಕೊಡಿ.

ಫಾರ್ಮ್ ಎರಡಾದ ಮೇಲೆ ಒಂದು ಹೊಸ ಕಾಟ ಶುರುವಾಗುತ್ತದೆ. ಫೋಕಸ್ ಹೋದರೆ ಮುಚ್ಚಲಿ ಅಂತ ತುಂಬಾ ಜನ ಡಿಆಕ್ಟಿವೇಟ್ ಈವೆಂಟ್‌ನಲ್ಲಿ ಕ್ಲೋಸ್ ಬರೆದಿರುತ್ತಾರೆ. ಎರಡನೇ ಫಾರ್ಮ್ ತೆರೆದಾಗ ಮೊದಲನೆಯದರ ಫೋಕಸ್ ಹೋಗುತ್ತದೆ. ಮತ್ತೆ ಅದೇ ಕಥೆ, ಬಂದ ಕೂಡಲೇ ಮಾಯ! ಆ ಸಾಲು ತೆಗೆಯಿರಿ. ಮುಚ್ಚುವಾಗ ಒಂದು ಫಾರ್ಮ್ ಅಲ್ಲ, ಅಪ್ಲಿಕೇಶನ್.ಎಕ್ಸಿಟ್ ಕರೆದು ಎರಡನ್ನೂ ಮುಚ್ಚಿ.

ಪುಟ್ಟ ಚೌಕದ ಸಮಸ್ಯೆ ಸುಲಭ. ಸೇವರ್‌ನ ಎಸ್‌ಸಿಆರ್ ಫೈಲ್ ಅಂದರೆ ಹೆಸರು ಬದಲಾಯಿಸಿದ ಇಎಕ್ಸ್‌ಇ (ಪ್ರೋಗ್ರಾಂ ಫೈಲ್) ಅಷ್ಟೇ. ವಿಂಡೋಸ್ ಅದನ್ನು ಮೂರು ರೀತಿ ಕರೆಯುತ್ತದೆ: /ಎಸ್ ಕೊಟ್ಟರೆ ಪೂರ್ತಿ ಪರದೆ, /ಸಿ ಕೊಟ್ಟರೆ ಸೆಟ್ಟಿಂಗ್ಸ್, /ಪಿ ಜೊತೆ ಒಂದು ಸಂಖ್ಯೆ ಕೊಟ್ಟರೆ ಪುಟ್ಟ ಚೌಕ. ನೀವು ಇದನ್ನು ಓದದೆ ಎಲ್ಲಕ್ಕೂ ಪೂರ್ತಿ ಪರದೆ ತೆರೆಯುತ್ತಿದ್ದೀರಿ. ಆ ಸಂಖ್ಯೆಯೇ ಚೌಕದ ಹ್ಯಾಂಡಲ್, ಅಂದರೆ ವಿಂಡೋಸ್ ಅದನ್ನು ಗುರುತಿಸುವ ಸಂಖ್ಯೆ. ಸೆಟ್‌ಪೇರೆಂಟ್‌ನಿಂದ ನಿಮ್ಮ ಫಾರ್ಮ್ ಅದರೊಳಗೆ ಕೂರಿಸಿ, ಚೈಲ್ಡ್ (ಇನ್ನೊಂದರ ಒಳಗಿನ ವಿಂಡೋ) ಶೈಲಿ ಕೊಡಿ. ಕೊಡದಿದ್ದರೆ ಸೆಟ್ಟಿಂಗ್ಸ್ ಮುಚ್ಚಿದ ಮೇಲೂ ಪ್ರೋಗ್ರಾಂ ಹಿಂದೆ ಓಡುತ್ತಾ ಉಳಿಯಬಹುದು. ಅಕ್ಷರ ದೊಡ್ಡದು ಚಿಕ್ಕದು ಎರಡನ್ನೂ ಒಪ್ಪಿ, /ಸಿ ಹಿಂದೆ ಕೋಲನ್ ಹಾಕಿ ಸಂಖ್ಯೆ ಅಂಟಿಕೊಂಡು ಬರುವುದೂ ಉಂಟು. ಪುಟ್ಟ ಚೌಕದಲ್ಲಿ ಮೌಸ್ ಅಲ್ಲಾಡಿದರೆ ಮುಚ್ಚಬಾರದು, ಕರ್ಸರ್ ಅಡಗಿಸಲೂಬಾರದು.

ಪಾಸ್‌ವರ್ಡ್ ಮಾತ್ರ ನೀವು ಬರೆಯಬೇಡಿ. ವಿಂಡೋಸ್ 95, 98 ಕಾಲದಲ್ಲಿ ಸೇವರೇ ಪಾಸ್‌ವರ್ಡ್ ಕೇಳುತ್ತಿತ್ತು. ಈಗ ಆ ಕೆಲಸ ವಿಂಡೋಸ್‌ನದು. ಸ್ಕ್ರೀನ್ ಸೇವರ್ ಸೆಟ್ಟಿಂಗ್ಸ್‌ನಲ್ಲಿ ‘ಆನ್ ರೆಸ್ಯೂಮ್, ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್’ ಮುಂದೆ ಟಿಕ್ ಹಾಕಿ, ಮುಗೀತು. ನಿಮ್ಮ ಪ್ರೋಗ್ರಾಂ ಕ್ರ್ಯಾಶ್ ಆದರೂ ಬೀಗ ಹಾಗೇ ಇರುತ್ತದೆ. ನೀವು ಆಲ್ಟ್-ಟ್ಯಾಬ್ ಎಷ್ಟೇ ತಡೆದರೂ ಕಂಟ್ರೋಲ್-ಆಲ್ಟ್-ಡಿಲೀಟ್ ಸಾಮಾನ್ಯ ಪ್ರೋಗ್ರಾಂ ಕೈಗೆ ಸಿಗುವುದಿಲ್ಲ. ಕೀಲಿ ತಡೆಯಲು ಹೊರಟ ಸೇವರ್ ಕೊನೆಗೆ ನಿಮ್ಮನ್ನೇ ಕೌಂಟರ್ ಆಚೆ ನಿಲ್ಲಿಸುತ್ತದೆ.

ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಪವರ್‌ಸ್ಟೇಟಸ್ ನೋಡಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೆ ಫೋಟೊ ನಿಲ್ಲಿಸಿ ಕಪ್ಪು ಪರದೆ ತೋರಿಸಿ. ಚಾರ್ಜ್ ಸ್ವಲ್ಪ ಜಾಸ್ತಿ ಹೊತ್ತು ಬರುತ್ತದೆ.

ಪ್ರಶ್ನೆ: ಶಿವಮೊಗ್ಗದ ನಮ್ಮ ಕಾಲೇಜು ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಅಲ್ಲೂ ಮೌಸ್, ಕೀಬೋರ್ಡ್ ನಾವೇ ನೋಡಿಕೊಳ್ಳಬೇಕಾ?

ಉತ್ತರ: ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಚಿತ್ರ ಓಡಿಸುವ ಸೇವರ್ ಇಲ್ಲ, ಪರದೆ ಕಪ್ಪಾಗುತ್ತದೆ ಅಷ್ಟೇ. ಜೇಮೀ ಝವಿನ್‌ಸ್ಕಿ 1992ರಲ್ಲಿ ಶುರುಮಾಡಿದ ಎಕ್ಸ್‌ಸ್ಕ್ರೀನ್‌ಸೇವರ್ ಹಾಕಿಕೊಂಡರೆ ಕೆಲಸ ಹಗುರ, ಆದರೆ ಉಬುಂಟು ಹೊಸ ವೇಲ್ಯಾಂಡ್ ಬದಲು ಹಳೆಯ ಎಕ್ಸ್‌ಆರ್ಗ್ ಎಂಬ ಪರದೆ ವ್ಯವಸ್ಥೆಯಲ್ಲಿ ಓಡುತ್ತಿರಬೇಕು. ಪೂರ್ತಿ ಪರದೆಯ ವಿಂಡೋ ತೆರೆಯುವುದು, ಕೀ ಒತ್ತಿದರೆ ಮುಚ್ಚುವುದು, ಪಾಸ್‌ವರ್ಡ್ ಕೇಳುವುದು ಎಲ್ಲ ಅದರದ್ದೇ. ಯಾವ ವಿಂಡೋದಲ್ಲಿ ಚಿತ್ರ ಬರೆಯಬೇಕು ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಸಿಗುವ ಮಾಹಿತಿ) ನಿಮ್ಮ ಪ್ರೋಗ್ರಾಂಗೆ ಹೇಳುತ್ತದೆ. ಅಲ್ಲಿ ಚಿತ್ರ ಬರೆದರೆ ಆಯಿತು.