ಹಳದಿ ದೋಣಿ ನೋಡಿದ ತಕ್ಷಣ ಲಿಫ್‌ನ ಹೆಸರು ಹೇಳಬೇಡಿ

ಪ್ರಶ್ನೆ: ‘ಅಸಾಸಿನ್ಸ್ ಕ್ರೀಡ್ ವಲ್ಹಾಲಾ’ ವಿಡಿಯೋ ಗೇಮ್‌ನಲ್ಲಿ ವೈಕಿಂಗ್ ನಾಯಕಿ ಸೋಮಾಳಿಗೆ ಮೋಸ ಮಾಡಿದವರು ಯಾರು? ನಾನು ಲಿಫ್ ಎಂದೆ, ಅವಳು ಅವನನ್ನು ಕೊಂದೇಬಿಟ್ಟಳು. ಆಮೇಲೆ ನೋಡಿದರೆ ತಪ್ಪು! ಸುಳಿವೇ ಸರಿಯಾಗಿ ಕೊಟ್ಟಿಲ್ಲ ಅಲ್ವಾ?

ಕೊಟ್ಟಿದ್ದಾರೆ. ನೀವು ಕಾಯಲಿಲ್ಲ ಅಷ್ಟೆ. ಆಟ ಬಂದಿದ್ದು 2020ರ ನವೆಂಬರ್‌ನಲ್ಲಿ. ಅವತ್ತಿನಿಂದ ಇದೇ ಪ್ರಶ್ನೆ, ಅದೂ ಪ್ರತಿಸಲ ಲಿಫ್ ಸತ್ತ ಮೇಲೆ. ಬರೀ ಹೆಸರು ಸಾಕು ಅನ್ನುವವರು ತಗೊಳ್ಳಿ: ಗ್ಯಾಲಿನ್. ಇನ್ನು ನೀವು ಹೋಗಬಹುದು.

ಉಳಿದವರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೋಮಾಳ ಮನೆಯ ಕೆಳಗೆ ಒಂದು ಸುರಂಗವಿದೆ. ಅದರ ಗುಟ್ಟನ್ನು ಯಾರೋ ಶತ್ರುಗಳಾದ ಸ್ಯಾಕ್ಸನ್ನರಿಗೆ ಬಿಟ್ಟುಕೊಟ್ಟಿದ್ದಾರೆ, ಅವರು ಅದರೊಳಗಿಂದ ಬಂದು ದಾಳಿ ಮಾಡಿದ್ದಾರೆ. ಅವಳ ಅನುಮಾನ ತನ್ನ ಮೂವರು ಆಪ್ತರ ಮೇಲೆ: ಬಿರ್ನಾ, ಲಿಫ್, ಗ್ಯಾಲಿನ್. ತನಿಖೆ ಶುರುವಾಗಬೇಕಾದ್ದು ಆ ಸುರಂಗದಿಂದ. ಜನ ಏನು ಮಾಡುತ್ತಾರೆ? ಮೂವರ ಮುಖ ನೋಡುತ್ತಾರೆ. ಬಿರ್ನಾ ಒರಟಿ, ಹಾಗಾಗಿ ಅವಳೇ ಇರಬೇಕು ಅನ್ನುತ್ತಾರೆ. ಇದು ನ್ಯಾಯವಾ?

ಸುರಂಗದ ಆಚೆ ತುದಿಯಿಂದ ಹೊರಗೆ ಬಂದು ವಿಚಾರಿಸುತ್ತಾ ಹೋದರೆ ಹಳದಿ ಬಣ್ಣ ಬಳಿದ ದೋಣಿಯ ವಿಷಯ ಸಿಗುತ್ತದೆ. ಇಲ್ಲೇ ಎಲ್ಲರೂ ಜಾರುವುದು. ಲಿಫ್ ದೋಣಿ ಕಟ್ಟುವವನು. ದೋಣಿ ಸಿಕ್ಕಿತು, ಲಿಫ್ ಸಿಕ್ಕಿಬಿದ್ದ, ಕೇಸ್ ಮುಗೀತು! ಸ್ವಲ್ಪ ತಡೀರಿ. ಬಡಗಿ ಮಾಡಿದ ಕುರ್ಚಿಯಲ್ಲಿ ಬಡಗಿಯೇ ಕೂತಿರಬೇಕು ಅಂತ ಏನಿದೆ? ಅದೂ ಅಲ್ಲದೆ, ಗುಟ್ಟಾಗಿ ದ್ರೋಹ ಮಾಡುವವನು ಮೈಲಿ ದೂರದಿಂದ ಕಾಣುವ ಹಾಗೆ ತನ್ನದೇ ಕೈಕೆಲಸವನ್ನು ಬಿಟ್ಟುಹೋಗುತ್ತಾನಾ? ದೋಣಿಯಿಂದ ಒಂದು ದಾರಿ ಸಿಗುತ್ತದೆ, ಅಪರಾಧಿ ಸಿಗುವುದಿಲ್ಲ.

ನನ್ನ ಕ್ರಮ ಇಷ್ಟೇ. ದೋಣಿಯನ್ನು ಕಣ್ಣಾರೆ ನೋಡಿ. ನೋಡಿದ ಮೇಲೆ ಮೂವರ ಹತ್ತಿರವೂ ಮತ್ತೆ ಹೋಗಿ. ದಾಳಿಯ ಹೊತ್ತಿನಲ್ಲಿ ಎಲ್ಲಿದ್ದರು ಅಂತ ಕೇಳಿ. ಊರಿನವರ ಮಾತನ್ನು ಅದರ ಪಕ್ಕ ಇಟ್ಟು ನೋಡಿ. ಸಂಭಾಷಣೆಯನ್ನು ಸ್ಕಿಪ್ ಮಾಡುವ ಬಟನ್ನಿನಿಂದ ಬೆರಳು ತೆಗೆಯಿರಿ! ಇಡೀ ಕ್ವೆಸ್ಟ್, ಅಂದರೆ ಆಟ ನಿಮಗೆ ಕೊಡುವ ಈ ಕೆಲಸ, ಇರುವುದೇ ಮಾತಿನಲ್ಲಿ. ಆಟದಲ್ಲಿ ಸಿಗುವ ‘ಓಡಿನ್ ದೃಷ್ಟಿ’ ಎಂಬ ಶಕ್ತಿ ಹಾಕಿಕೊಂಡು ಊರೆಲ್ಲ ಸುತ್ತಿದರೆ ವಸ್ತುಗಳು ಹೊಳೆಯುತ್ತವೆ, ಸುಳ್ಳು ಹೊಳೆಯಲ್ಲ.

ಸೋಮಾಳ ಎದುರು ನಿಲ್ಲುವ ಮೊದಲು ಒಂದು ಮ್ಯಾನುವಲ್ ಸೇವ್ ಮಾಡಿ. ಆಟೋಸೇವ್ ಇದೆಯಲ್ಲ ಅನ್ನಬೇಡಿ. ನಾನು ಆಟೋಸೇವ್ ನಂಬುವ ಜಾತಿಯಲ್ಲ. ಅವಳು ವಿಚಾರಣೆ ಗಿಚಾರಣೆ ನಡೆಸುವುದಿಲ್ಲ, ನೀವು ಹೆಸರು ಹೇಳಿದವರ ಕಥೆ ಅಲ್ಲೇ ಮುಗಿಯುತ್ತದೆ. ಗ್ಯಾಲಿನ್ ಹೆಸರು ಹೇಳಿದರೆ ಬಿರ್ನಾ ಉಳಿಯುತ್ತಾಳೆ, ಕೊನೆಗೆ ನಿಮ್ಮ ಪಡೆಗೂ ಸೇರುತ್ತಾಳೆ. ಅವಳನ್ನು ಮುಖ ನೋಡಿ ಕೊಲ್ಲಿಸಿದವರು ಒಳ್ಳೆಯ ಜೊತೆಗಾತಿಯನ್ನೇ ಕಳೆದುಕೊಂಡಿದ್ದೀರಿ.

ಪ್ರಶ್ನೆ: ತಪ್ಪು ಹೆಸರು ಹೇಳಿದರೆ ಮುಖ್ಯ ಕಥೆ ನಿಂತುಹೋಗುತ್ತದಾ?

ಇಲ್ಲ. ಸೋಮಾಳ ಮೈತ್ರಿ ಸಿಗುತ್ತದೆ. ಸತ್ತವರು ಮಾತ್ರ ಎದ್ದು ಬರುವುದಿಲ್ಲ.

ಪ್ರಶ್ನೆ: ಸೋಮಾ ನಿಜವಾಗಿ ಇದ್ದಳಾ?

ಇಲ್ಲ, ಅವಳು ಕಲ್ಪನೆ. ಆದರೆ ಆಟದಲ್ಲಿ ಅವಳ ಊರಾದ ಈಗಿನ ಕೇಂಬ್ರಿಡ್ಜ್‌ನಲ್ಲಿ ವೈಕಿಂಗ್ ಸೇನೆ ಬೀಡುಬಿಟ್ಟಿದ್ದು ನಿಜ. ಗುತ್ರುಮ್, ಆಸ್ಕಿಟೆಲ್, ಆನ್ವೆಂಡ್ ಎಂಬ ಮೂವರು ರಾಜರು ಇಂಗ್ಲೆಂಡಿನ ರೆಪ್ಟನ್‌ನಿಂದ ಅಲ್ಲಿಗೆ ಹೋಗಿ ಒಂದು ವರ್ಷ ಕೂತರು ಎಂದು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ಹಳೆಯ ಇಂಗ್ಲಿಷ್ ವೃತ್ತಾಂತ 875ರ ದಾಖಲೆಯಲ್ಲಿ ಹೇಳುತ್ತದೆ. ಕಥೆ ಬರೆದವರು ಆ ಸಂದಿಯಲ್ಲಿ ಸೋಮಾಳನ್ನು ಕೂರಿಸಿದ್ದಾರೆ. ಚೆನ್ನಾಗಿಯೇ ಕೂರಿಸಿದ್ದಾರೆ.

ಪ್ರಶ್ನೆ: ವೈಕಿಂಗರ ಕೊಂಬಿನ ಹೆಲ್ಮೆಟ್ ಎಲ್ಲಿ ಸಿಗುತ್ತದೆ?

ನಾಟಕದ ಕಂಪನಿಯಲ್ಲಿ. ಆ ಕೊಂಬು ಜನಪ್ರಿಯವಾಗಿದ್ದು 1876ರಲ್ಲಿ ಜರ್ಮನ್ ಸಂಗೀತಗಾರ ವಾಗ್ನರ್‌ನ ಒಪೆರಾಕ್ಕೆ (ಹಾಡುನಾಟಕಕ್ಕೆ) ಮಾಡಿದ ವೇಷಗಳಿಂದ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬುವಿನಲ್ಲಿ ಸಿಕ್ಕ ವೈಕಿಂಗ್ ಹೆಲ್ಮೆಟ್ಟಿಗೆ ಕೊಂಬಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಎಲ್ಲಾ ಕ್ವೆಸ್ಟ್ ಸರಿ ಮಾಡಿಕೊಡುತ್ತೇನೆ, ಲಾಗಿನ್ ಕೊಡಿ ಅಂತ ಒಬ್ಬ ಮೆಸೇಜ್ ಮಾಡಿದ್ದಾನೆ. ನಂಬಬಹುದಾ?

ದ್ರೋಹಿ ಯಾರು ಅಂತ ಹುಡುಕುವ ಆಟಕ್ಕೆ ಪಾಸ್‌ವರ್ಡ್ ಕೇಳುವವನನ್ನು ನಂಬುತ್ತೀರಾ ಮಾರಾಯ್ರೇ? ಕೊಟ್ಟಿದ್ದರೆ ಇದನ್ನು ಓದುವುದು ನಿಲ್ಲಿಸಿ, ಮೊದಲು ಹೋಗಿ ಪಾಸ್‌ವರ್ಡ್ ಬದಲಾಯಿಸಿ.