ಇಲಿ ಹಲ್ಲಿನಿಂದ ಬಂಡೆಯ ವಯಸ್ಸು ಹೇಗೆ ತಿಳಿಯುತ್ತದೆ?

ಬಂಡೆ ಪದರದ ವಯಸ್ಸು ತಿಳಿಯಲು ದೊಡ್ಡ ಪ್ರಾಣಿಗಳ ಮೂಳೆ ಬಿಟ್ಟು ಅದರಲ್ಲಿ ಹುದುಗಿದ ಇಲಿ ಹಲ್ಲನ್ನೇ ಯಾಕೆ ನೋಡುತ್ತಾರೆ ಎಂದು ಕೇಳಿದ್ದೀರಿ. ಇಲಿಗಳ ತಲೆಮಾರು ಬೇಗ ಉರುಳುತ್ತದೆ, ಹಲ್ಲಿನ ಆಕಾರವೂ ಬೇಗ ಬದಲಾಗುತ್ತದೆ. ಮಣ್ಣು ತೊಳೆದು ಜರಡಿ ಹಿಡಿದರೆ ಆ ಪುಟ್ಟ ಹಲ್ಲುಗಳು ಜಾಸ್ತಿ ಸಿಗುತ್ತವೆ. ಆನೆ ಮೂಳೆ ಹಾಗಲ್ಲ ಅಲ್ವಾ?

ನನಗೆ ತುಂಬಾ ಇಷ್ಟವಾದ ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ ಹೊಳೆದಂಡೆ ಇಲಿಯ ಪೂರ್ವಜ ಮಿಮೊಮಿಸ್. ಅದರ ದವಡೆ ಹಲ್ಲಿಗೆ ಬೇರು ಇತ್ತು. ಮುಂದೆ ಬಂದ ಆರ್ವಿಕೋಲಾಗೆ, ಅಂದರೆ ಇಂದಿನ ಹೊಳೆದಂಡೆ ಇಲಿಯ ಕುಲಕ್ಕೆ, ಬೇರಿಲ್ಲ, ಹಲ್ಲು ಬದುಕಿಡೀ ಬೆಳೆಯುತ್ತದೆ. ಇಂಗ್ಲೆಂಡಿನ ಎರಡು ಜಾಗಗಳಲ್ಲಿ, ವೆಸ್ಟ್ ರಂಟನ್‌ನಲ್ಲಿ ಸಿಕ್ಕಿದ್ದು ಬೇರಿರುವ ಹಲ್ಲು, ಬಾಕ್ಸ್‌ಗ್ರೋವ್‌ನಲ್ಲಿ ಬೇರಿಲ್ಲದ್ದು. ಹಾಗಾಗಿ ವೆಸ್ಟ್ ರಂಟನ್ ಪದರವೇ ಹಳೆಯದು.

ಆದರೆ ಹಲ್ಲು ಹೇಳುವುದು ಹಿಂದು ಮುಂದಿನ ಕ್ರಮ ಮಾತ್ರ. ವರ್ಷದ ಲೆಕ್ಕಕ್ಕೆ ಜ್ವಾಲಾಮುಖಿ ಬೂದಿಯೋ, ಬಂಡೆಯಲ್ಲಿ ಉಳಿದ ಕಾಂತತೆಯೋ ಬೇಕು. ಬಿಲ ತೋಡಿ ಕೆಳಗಿಳಿದ ಹೊಸ ಕಾಲದ ಇಲಿಯೂ ಹಳೆ ಪದರದಲ್ಲಿ ಸಿಗಬಹುದು, ಅದನ್ನು ಮೊದಲು ನೋಡಿಕೊಳ್ಳಿ.