ಗದಗದಲ್ಲಿ ಮಳೆ ದೇಶದ ಸರಾಸರಿಯ ಅರ್ಧದಷ್ಟೇ. ಬೋರ್ ಇಲ್ಲದೆ ಒಕ್ಕಲುತನ ಆಗುತ್ತದೆಯೇ?

ಆಗುತ್ತದೆ. ದೇಶಕ್ಕೆ 1,160 ಮಿ.ಮೀ., ನಮಗೆ 600 ಚಿಲ್ಲರೆ ಅಂತ ಹೋಲಿಸಿ ಹೆದರುವುದನ್ನು ಮೊದಲು ಬಿಡಿ. ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಮಾಡುವ ನಾವೆಲ್ಲ ಹೊಸದರಲ್ಲಿ ಇದೇ ಲೆಕ್ಕ ಹಾಕಿದವರೇ.

ಆ ಸರಾಸರಿಯಲ್ಲಿ 7,000 ದಾಟುವ ಆಗುಂಬೆಯೂ ಇದೆ, 200ರ ಆಸುಪಾಸಿನ ಜೈಸಲ್ಮೇರವೂ ಇದೆ. 2023ರ ಮುಂಗಾರು ಇಡೀ ದೇಶಕ್ಕೆ ವಾಡಿಕೆಯ ಶೇ. 94 ಸುರಿಯಿತು, ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ದೇಶದ ಬಿತ್ತನೆ ಭೂಮಿಯ ಹತ್ತಿರ ಹತ್ತಿರ ಅರ್ಧ ಇಂದಿಗೂ ಮಳೆಯನ್ನೇ ನಂಬಿದೆ. ಹಾಗಾಗಿ ಧಾನ್ಯ ದಾಸ್ತಾನು, ಆಮದು, ಬೆಲೆ ಅಂದಾಜು ಮಾಡುವವರಿಗೆ ಆ ಸಂಖ್ಯೆ ಬೇಕೇ ಬೇಕು. ಬೀಜ ಬಿತ್ತುವ ನಿಮ್ಮ ಕೂರಿಗೆಗೆ ಬೇಡ.

ನಿಮಗೆ ಬೇಕಾದದ್ದು ಮಣ್ಣು ಎಷ್ಟು ಆಳ ನೆನೆದಿದೆ ಎಂಬುದು. ನಮ್ಮ ಕಡೆ ಬೀಜ, ಗೊಬ್ಬರ, ಕೂಲಿ ಎಲ್ಲ ಒಟ್ಟಿಗೆ ಹಾಳಾಗುವುದು ಇದೊಂದನ್ನು ನೋಡದೆ ಬಿತ್ತಿದಾಗ. ರೋಹಿಣಿಯಲ್ಲೋ ಮೃಗಶಿರದಲ್ಲೋ 20 ಮಿ.ಮೀ. ಮಳೆ ಬಿತ್ತು ಅನ್ನಿ. ಬೇಸಿಗೆಯಿಡೀ ಒಣಗಿ ಬಿರಿದ ಎರೆಯಲ್ಲಿ ಅದು ಇಳಿಯುವುದು ಆರೇಳು ಸೆಂ.ಮೀ. ಮಾತ್ರ. ಮೇಲೆ ನೋಡಿದರೆ ಹೊಲ ಕಪ್ಪಗೆ, ಹದವಾಗಿ ಕಾಣುತ್ತದೆ. ಐದು ಸೆಂ.ಮೀ. ಆಳಕ್ಕೆ ಬಿದ್ದ ಹೆಸರುಕಾಳು ಮೊಳೆಯುತ್ತದೆ, ಸಾಲೂ ಚೆನ್ನಾಗಿ ಕಾಣುತ್ತದೆ. ಬೇರು ಕೆಳಗಿಳಿದರೆ ಒಣ ಹೆಂಟೆ. ಜೂನಿನ ಪಡುವಣ ಗಾಳಿ ಮೇಲಿನ ಪದರವನ್ನು ಮೂರು ನಾಲ್ಕು ದಿನದಲ್ಲಿ ಒಣಗಿಸುತ್ತದೆ, ಸಸಿ ಬಾಡುತ್ತದೆ. ಬೀಜ ಒಣ ಮಣ್ಣಲ್ಲೇ ಇದ್ದಿದ್ದರೆ ಮುಂದಿನ ಮಳೆಗೆ ಕಾಯುತ್ತಿತ್ತು. ಒಮ್ಮೆ ಮೊಳೆತದ್ದು ಕಾಯುವುದಿಲ್ಲ. ಅರೆನೆನೆ ನೆಲ ಒಣ ನೆಲಕ್ಕಿಂತ ಕೆಟ್ಟದ್ದು ಅನ್ನುವುದು ಇದಕ್ಕೇ.

ಮಳೆಯಾದ ಮರುದಿನ ಹೊಲದ ಮೂರು ನಾಲ್ಕು ಕಡೆ, ದಿಬ್ಬದ ಮೇಲೂ, ಸಲಿಕೆಯಿಂದ ತೋಡಿ. ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಮೆತ್ತಬಾರದು. ಒಣ ಎರೆಗೆ ಅಷ್ಟು ಆಳ ನೆನೆಯಲು ಸುಮಾರು 50–60 ಮಿ.ಮೀ. ಬೇಕು. ಅದಕ್ಕಿಂತ ಮೊದಲು ಅಕ್ಕಪಕ್ಕದವರು ಕೂರಿಗೆ ಹೂಡಿದರೂ ನೀವು ಹೂಡಬೇಡಿ.

ಇನ್ನು ನೀರಿನ ಮಾತು. ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,047 ಲೀಟರ್. 600 ಮಿ.ಮೀ. ಅಂದರೆ 24 ಲಕ್ಷ ಲೀಟರ್. ಆಳವಾದ ಎರೆ ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ 150ರಿಂದ 200 ಮಿ.ಮೀ. ತೇವ ಹಿಡಿದಿಡುತ್ತದೆ. ಮಸಾರಿಗೆ, ಅಂದರೆ ಕೆಂಪು ಮಣ್ಣಿಗೆ, ಆ ಶಕ್ತಿ ಇಲ್ಲ, ಅದರ ಲೆಕ್ಕವೇ ಬೇರೆ. ತೊಂದರೆ ಏನೆಂದರೆ, ಒಮ್ಮೆ ನೆನೆದ ಎರೆ ನೀರನ್ನು ಬಹಳ ನಿಧಾನ ಕುಡಿಯುತ್ತದೆ. ಜೋರು ಮಳೆಯ ನೀರು ಮೇಲ್ಮಣ್ಣು ಹೊತ್ತುಕೊಂಡು ಬೆಣ್ಣೆಹಳ್ಳದ ದಾರಿ ಹಿಡಿಯುತ್ತದೆ. ಹಿಂಗಾರಿಗೆ ಬಿಟ್ಟ ಹೊಲದಲ್ಲಿ ಜೂನ್–ಜುಲೈನಲ್ಲೇ ಚೌಕುಮಡಿ, ಅಂದರೆ ಸುತ್ತ ಮಣ್ಣಿನ ಏರಿ ಇರುವ ಚೌಕ ಮಡಿಗಳನ್ನು ಹಾಕಿ. ಇಳಿಜಾರು ಶೇ. 1ರಿಂದ 2 ಇದ್ದರೆ 4.5 ಮೀಟರ್ ಚೌಕ, ಹೆಚ್ಚಿದ್ದರೆ 3 ಮೀಟರ್, ಏರಿ ಗೇಣುದ್ದ ಎತ್ತರ ಸಾಕು. ಬಿತ್ತುವ ಮುಂಚೆ ಹರಗಿ ಸಮ ಮಾಡಿ. ಒಡ್ಡು ಒಡೆದಿದ್ದರೆ ಮಡಿ ಹಾಕುವ ಮೊದಲು ಅದನ್ನು ಕಟ್ಟಿಸಿ, ಇಲ್ಲವಾದರೆ ಮೇಲಿನ ಹೊಲದ ನೀರು ಮಡಿಗಳನ್ನೆಲ್ಲ ಕೊಚ್ಚುತ್ತದೆ.

ಬೋರಿಗೆ ಸಾಲ ಮಾಡುವ ಮೊದಲು ಈ ಕೆಲಸ ಮುಗಿಸಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಹೋಬಳಿಯ ತಿಂಗಳುವಾರು ಮಳೆ ಲೆಕ್ಕ ಕೇಳಿ. ವರ್ಷದ ಒಟ್ಟು ಮೊತ್ತ ಬೇಡ. ಸೆಪ್ಟೆಂಬರ್ ಸಾಲನ್ನು ಮೊದಲು ನೋಡಿ. ಹುಬ್ಬಿ, ಉತ್ತರಿ ಮಳೆ ಹೊಲದಲ್ಲೇ ಇಂಗಿದರೆ ಬಿಳಿಜೋಳ, ಕಡಲೆ ಎರಡೂ ಆ ತೇವದ ಮೇಲೆಯೇ ಬೆಳೆದು ನಿಲ್ಲುತ್ತವೆ. ಕಡಲೆಯನ್ನು ಎಂಟು ಹತ್ತು ಸೆಂ.ಮೀ. ಆಳಕ್ಕೆ, ಹಸಿ ಮಣ್ಣಿಗೇ ಬೀಳುವಂತೆ ಬಿತ್ತಿ. ಎಕರೆಗೆ 20–25 ಕಿಲೋ ಬೀಜ ಸಾಕು.